ಹುಬ್ಬಳ್ಳಿಯ ಹತ್ತಿ ಹೊತ್ತ ಪತ್ತೆಮಾರಿ, ನನ್ನ ಮೇಜಿನ ಮೇಲೆ

"ಹುಬ್ಬಳ್ಳ್ಯಾಗ ಹಡಗಾ? ಉಣಕಲ್ ಕೆರಿ ಬಿಟ್ರ ಇಲ್ಲಿ ನೀರೆಲ್ಲೈತ್ರೀ?" ನಿವೃತ್ತನಾದ ಮೇಲೆ ಮರದ ಹಡಗಿನ ಮಾದರಿ ಕಟ್ಟುತ್ತಿದ್ದೇನೆ ಅಂತ ಗೊತ್ತಾದವರೆಲ್ಲ ಮೊದಲು ಕೇಳುವುದು ಇದನ್ನೇ. ಕೇಳಿದವರನ್ನು ಕೂರಿಸಿ ಚಹಾ ಕೊಟ್ಟು ನಾನು ಹತ್ತಿಯ ಕಥೆ ಹೇಳುತ್ತೇನೆ.

ರೈಲು ಬರುವ ಮುಂಚೆ ಧಾರವಾಡ, ಹುಬ್ಬಳ್ಳಿ, ಗದಗ ಭಾಗದ ಹತ್ತಿ ಎತ್ತಿನ ಗಾಡಿ ಏರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೆ. ಬೆಳೆದದ್ದು ನಮ್ಮ ಎರಿ ಹೊಲದಲ್ಲಾದರೂ ಪೇಟೆಯಲ್ಲಿ ಅದು 'ಕುಮಟಾ ಹತ್ತಿ'. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ ಈ ವ್ಯಾಪಾರ ಭರ್ಜರಿಯಾಗಿ ಏರಿತು. 1880ರ ದಶಕದ ಕೊನೆಗೆ ರೈಲು ಗೋವಾದ ಮುರ್ಮುಗೋವಾ ಬಂದರು ಮುಟ್ಟಿದ ಮೇಲೆ ಕುಮಟಾದ ದಾರಿ ತಣ್ಣಗಾಯಿತು. ಅಲ್ಲಿಯವರೆಗೆ ನಮ್ಮ ಹತ್ತಿ ಹೊತ್ತ ಹಡಗುಗಳಲ್ಲಿ ಮುಖ್ಯವಾದದ್ದು ಪತ್ತೆಮಾರಿ. ನಾನು ಕಟ್ಟಿರುವುದು ಅದನ್ನು.

ನನ್ನ ನೌಕರಿಯೆಲ್ಲ ರೈಲ್ವೆ ವರ್ಕ್‌ಶಾಪಿನ ಡ್ರಾಯಿಂಗ್ ಆಫೀಸಿನಲ್ಲೇ ಕಳೆಯಿತು. ನಕ್ಷೆ ಓದುವುದು ಗೊತ್ತಿತ್ತು, ಮರ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ನಮ್ಮ ಓಣಿಯ ಬಡಿಗೇರರು. ಮೊದಲ ದಿನಗಳಲ್ಲಿ ಅವರು ಉಳಿ ಮಸೆಯುವುದನ್ನು ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. "ಉಳಿ ಹರಿತ ಇಲ್ಲಂದ್ರ ಕಟಗಿ ನಿಮ್ಮ ಮಾತು ಕೇಳೂದಿಲ್ರೀ ಸರ" ಅನ್ನುತ್ತಿದ್ದರು. ಮುಂದೆ ಮಾಡಿದ ಎಲ್ಲ ಕೆಲಸಕ್ಕೂ ಅದೇ ಅಡಿಪಾಯವಾಯಿತು.

ಈ ಹವ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ದೊಡ್ಡ ಹೆಸರಿನ ಹಡಗಿಗೇ ಮನಸೋಲುತ್ತಾರೆ. 1765ರಲ್ಲಿ ನೀರಿಗಿಳಿದ, 104 ಫಿರಂಗಿಗಳ ಬ್ರಿಟಿಷ್ ಯುದ್ಧನೌಕೆ 'ವಿಕ್ಟರಿ', ಚಹಾ ಸಾಗಿಸುತ್ತಿದ್ದ 1869ರ 'ಕಟಿ ಸಾರ್ಕ್', ಇವುಗಳ ಕಿಟ್, ಅಂದರೆ ನಕ್ಷೆ ಮತ್ತು ಬಿಡಿಭಾಗಗಳ ಪೆಟ್ಟಿಗೆ, ಸಿಗುತ್ತವೆ. ಆದರೆ ಆ ಹಗ್ಗಗಳ ಕಾಡಿನಲ್ಲಿ ಹೊಸಬರ ಉತ್ಸಾಹವೇ ಸೋರಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪತ್ತೆಮಾರಿಗೆ ಹಾಯಿ ಕಟ್ಟುವ ಎರಡು ಕೂವೆಮರ, ಎರಡು ದೊಡ್ಡ ಹಾಯಿ, ಬೆರಳೆಣಿಕೆಯ ಹಗ್ಗ. ಕಷ್ಟವೆಲ್ಲ ಒಡಲಿನಲ್ಲಿದೆ. ಅದರ ಮೂತಿ ಬಹಳ ಮುಂದಕ್ಕೆ ಚಾಚಿಕೊಂಡಿರುತ್ತದೆ. ತಳದ ದಿಂಡು, ಅಂದರೆ ಕೀಲ್, ಹಡಗಿನ ಉದ್ದದ ಅರ್ಧದಷ್ಟೇ ಇದ್ದು ನಡುವೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಹಿಂಭಾಗಕ್ಕಿಂತ ಮುಂಭಾಗವೇ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಯುರೋಪಿನ ಹಡಗಿನ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಇದಕ್ಕೆ ಕಿಟ್ ಇಲ್ಲ. ಬ್ರಿಟಿಷ್ ಹಡಗು ತಜ್ಞ ಜಾನ್ ಈಡಿ 1834ರಲ್ಲಿ ನಮ್ಮ ಕರಾವಳಿಯ ನೌಕೆಗಳ ಬಗ್ಗೆ ಬರೆದ ಲೇಖನ, ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪಾರಿ 1840ರ ದಶಕದಲ್ಲಿ ಪ್ರಕಟಿಸಿದ ನಕ್ಷೆಗಳು ನನಗೆ ಆಧಾರವಾದವು. ಕುಮಟಾ ಬಳಿಯ ತದಡಿ ಬಂದರಿಗೆ ಹೋಗಿ ದಂಡೆಯ ಮೇಲೆ ಎಳೆದಿಟ್ಟಿದ್ದ ಹಳೆಯ ಮರದ ದೋಣಿಗಳ ಮೂತಿಯಲ್ಲಿ ಹಲಗೆಗಳು ಹೇಗೆ ಸೇರುತ್ತವೆ ಎಂದು ಕೈ ಆಡಿಸಿ ನೋಡಿದೆ. ಕಾಗದದ ಮೇಲೆ ಎಷ್ಟು ಹೊತ್ತು ನೋಡಿದರೂ ತಿಳಿಯದ್ದು ಅಲ್ಲಿ ತಿಳಿಯಿತು. ಅಳತೆಗೆ 1:48 ಹಿಡಿದೆ. ಒಂದು ಅಡಿಗೆ ಕಾಲು ಇಂಚು ಎಂದರೆ ತಲೆಯಲ್ಲೇ ಲೆಕ್ಕ ಆಗುತ್ತದೆ. 75 ಅಡಿಯ ಪತ್ತೆಮಾರಿ ಸುಮಾರು 19 ಇಂಚು ಆಯಿತು.

ಮರದ ಬಗ್ಗೆ ಒಂದು ಮಾತು. ನಿಜವಾದ ಹಡಗು ತೇಗದ್ದು ಅಂತ ಮಾದರಿಗೂ ಬರೀ ತೇಗ ಬಳಸಬೇಕೆಂದಿಲ್ಲ. ತೇಗದ ಎಳೆ ದಪ್ಪ, ಇಷ್ಟು ಸಣ್ಣ ಅಳತೆಯಲ್ಲಿ ಅದು ಒರಟಾಗಿ ಕಾಣುತ್ತದೆ, ಬಾಗಿಸಿದರೆ ಸಿಬಿರು ಏಳುತ್ತದೆ. ಮಾದರಿಯ ಒಡಲಿಗೆ ಎರಡು ಪದರ ಹಲಗೆ ಹೊದಿಸಿದೆ. ಒಳಗಿನ ಪದರಕ್ಕೆ ನಾನು ಬಳಸಿದ್ದು ಹಾಲೆ ಮರ. ಚನ್ನಪಟ್ಟಣದ ಗೊಂಬೆ ಮಾಡುವುದು ಇದರಲ್ಲೇ. ಎಳೆ ಸಣ್ಣ, ಕೈಗೆ ಮೃದು. ಹೊರ ಪದರಕ್ಕೆ ಮಾತ್ರ ತೇಗ. ಧಾರವಾಡದಲ್ಲಿ ಹಳೆಯ ಮನೆ ಕೆಡವಿದಾಗ ಸಿಕ್ಕ ಜಂತಿಯ ತುಂಡನ್ನು ಅತಿ ತೆಳ್ಳಗೆ ಸೀಳಿಸಿ, ಅದರಲ್ಲೂ ಎಳೆ ಒತ್ತಾಗಿರುವ ಪಟ್ಟಿಗಳನ್ನು ಆರಿಸಿಕೊಂಡೆ. ಎಷ್ಟೋ ವರ್ಷ ಸೂರಿನಡಿ ಒಣಗಿದ ಆ ಮರ ಆಮೇಲೆ ಸೊಟ್ಟಗಾಗುವುದಿಲ್ಲ.

ಇನ್ನು ಹಲಗೆ ಹೊದಿಸುವುದು. ಈ ಹವ್ಯಾಸದ ಜೀವ ಇರುವುದು ಇಲ್ಲಿ. 4 ಮಿ.ಮೀ. ಪ್ಲೈವುಡ್‌ನಲ್ಲಿ ಅಡ್ಡ ಚೌಕಟ್ಟುಗಳನ್ನು ಕತ್ತರಿಸಿ ಕೀಲ್‌ಗೆ ಸಿಕ್ಕಿಸಿದ ಮೇಲೆ ಎಲ್ಲರಿಗೂ ಹಲಗೆ ಅಂಟಿಸುವ ಅವಸರ. ತಡೆಯಿರಿ. ಒಂದು ತೆಳು ಪಟ್ಟಿಯನ್ನು ಚೌಕಟ್ಟುಗಳ ಮೇಲೆ ಮೂತಿಯಿಂದ ಹಿಂಬದಿಯವರೆಗೆ ಒತ್ತಿ ಹಿಡಿದು ನೋಡಿ. ಅದು ಪ್ರತಿ ಚೌಕಟ್ಟಿನ ಅಂಚಿನ ಪೂರ್ತಿ ದಪ್ಪಕ್ಕೂ ಕೂರಬೇಕು. ಎಲ್ಲಿ ಬರೀ ಮೂಲೆಗೆ ತಾಗುತ್ತದೋ ಅಲ್ಲಿ ಉಜ್ಜುಕಾಗದ ಆಡಿಸಿ, ಮತ್ತೆ ಪಟ್ಟಿ ಇಟ್ಟು ನೋಡಿ. ಬೇಜಾರಿನ ಕೆಲಸ, ಆದರೆ ಒಡಲಿನ ಚೆಲುವು ಇಲ್ಲೇ ತೀರ್ಮಾನವಾಗುತ್ತದೆ.

ನಿಜವಾದ ಹಲಗೆ 8 ಇಂಚು ಅಗಲ ಎಂದುಕೊಂಡರೆ ನಮ್ಮ ಅಳತೆಯಲ್ಲಿ 4 ಮಿ.ಮೀ. ಚಿಲ್ಲರೆ. ಹಡಗಿನ ನಡುವೆ ಸುತ್ತಳತೆ ಹೆಚ್ಚು, ಮೂತಿಯಲ್ಲಿ ಕಡಿಮೆ. ಹಾಗಾಗಿ ಪ್ರತಿ ಹಲಗೆಯೂ ಮೂತಿಯ ಕಡೆ ಕಿರಿದಾಗಬೇಕು. ಕಿರಿದಾಗಿಸಿ ಅಂತ ಅರ್ಧಕ್ಕಿಂತ ಸಣ್ಣ ಮಾಡಬಾರದು, ಅಲ್ಲಿ ಎರಡು ಹಲಗೆಯ ಜಾಗದಲ್ಲಿ ಒಂದೇ ಹಲಗೆ ಮುಂದುವರಿಸಬೇಕು. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕಾದ ಬೆಸುಗೆ ಕಡ್ಡಿಗೆ (ಸೋಲ್ಡರಿಂಗ್ ಐರನ್) ಸುತ್ತಿದ ತಗಡಿನ ಕೊಳವೆಯ ಮೇಲೆ ಮೆಲ್ಲಗೆ ಒತ್ತುತ್ತೇನೆ. ಮೊದಲು ಚುಂಯ್ ಅಂತ ಆವಿ ಏಳುತ್ತದೆ, ಮರ ಎದುರು ನೂಕುತ್ತದೆ. ಇನ್ನೂ ಸ್ವಲ್ಪ ಹಿಡಿದರೆ ಒಂದು ಕ್ಷಣಕ್ಕೆ ಬೆರಳಿನಡಿ ಅದರ ಬಿಗಿತ ಬಿಟ್ಟುಕೊಡುತ್ತದೆ. ಆ ಕ್ಷಣದಲ್ಲಿ ಬಾಗಿಸಬೇಕು. ಮೊದಲೇ ಒತ್ತಿದರೆ ಚಟಕ್, ತಡವಾದರೆ ಕಪ್ಪು ಕಲೆ. ಬಾಗಿದ ಪಟ್ಟಿಯನ್ನು ಒಣಗಲು ಬಿಟ್ಟು, ಮಾರನೆಯ ದಿನ ಪಕ್ಕದ ಹಲಗೆಗೆ ಹಿಡಿದು ಹಿಂದಿನಿಂದ ಬ್ಯಾಟರಿ ಬೆಳಕು ಬಿಡುತ್ತೇನೆ. ಬೆಳಕಿನ ಗೆರೆ ಕಾಣಿಸಿದ ಕಡೆ ಕೆರೆಯಬೇಕು, ಗೆರೆ ಪೂರ್ತಿ ಹೋದ ಮೇಲೆಯೇ ಫೆವಿಕಾಲ್. ಕ್ಲಾಂಪಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ತೇಗದ ಪದರಕ್ಕೆ ಅಂಟು ಹಾಕುವ ಮುನ್ನ ಥಿನ್ನರ್‌ನಿಂದ ಒರೆಸಬೇಕು, ಅದರಲ್ಲಿರುವ ಎಣ್ಣೆ ಅಂಟು ಹಿಡಿಯಲು ಬಿಡುವುದಿಲ್ಲ. ಹಲಗೆಯ ಅಂಚಿಗೆ ಪೆನ್ಸಿಲ್ ಉಜ್ಜಿದರೆ ಸಂದು ತುಂಬಿದ ಕಪ್ಪು ಗೆರೆ ತಾನಾಗಿ ಮೂಡುತ್ತದೆ.

ಹೊದಿಸುವ ಕೆಲಸವನ್ನು ನಾನು ದಸರೆಯಿಂದ ಹೋಳಿಯ ನಡುವೆ ಇಟ್ಟುಕೊಳ್ಳುತ್ತೇನೆ. ಮಳೆಗಾಲದ ಜಿಟಿಜಿಟಿಯಲ್ಲಿ ಅಂಟಿಸಿದ ಉಬ್ಬಿದ ಹಲಗೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ.

ಹಾಯಿಗೆ ಖಾದಿ ಬಳಸುವ ಆಸೆ ಬಹಳ ಇತ್ತು. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಇಲ್ಲೇ ಪಕ್ಕದಲ್ಲಿದೆ. ಆದರೆ 1:48ರಲ್ಲಿ ಆ ನೂಲು ಹಗ್ಗದಷ್ಟು ದಪ್ಪ ಕಾಣುತ್ತದೆ. ಒಗೆದು ಒಗೆದು ಸವೆದ ಧೋತರ ಎಲ್ಲಕ್ಕಿಂತ ಒಳ್ಳೆಯದು, ಚಹಾ ನೀರಿನಲ್ಲಿ ಅದ್ದಿದರೆ ಬಣ್ಣವೂ ಸರಿಹೋಗುತ್ತದೆ. ಹಗ್ಗ ನಾನೇ ಹೊಸೆಯುತ್ತೇನೆ. ಮೂರು ಎಳೆಗಳನ್ನು ಆಟಿಕೆಯ ಮೋಟರಿನಿಂದ ಒಂದು ದಿಕ್ಕಿಗೆ ತಿರುಚಿ, ಮೂರನ್ನೂ ಸೇರಿಸಿ ವಿರುದ್ಧ ದಿಕ್ಕಿಗೆ ಸುತ್ತಲು ಬಿಟ್ಟರೆ ಬಿಚ್ಚದ ಹುರಿ ಆಗುತ್ತದೆ. ಹಳೆಯ ದಾಖಲೆಗಳಲ್ಲಿ ಹಗ್ಗದ ಅಳತೆ ಎಂದರೆ ಸುತ್ತಳತೆ ಎಂಬುದು ನೆನಪಿರಲಿ. 3 ಇಂಚಿನ ಹಗ್ಗ ನಮ್ಮ ಮಾದರಿಯಲ್ಲಿ ಅರ್ಧ ಮಿ.ಮೀ. ದಪ್ಪ ಮಾತ್ರ. ಕರಾವಳಿಯದು ತೆಂಗಿನ ನಾರಿನ ಹಗ್ಗ, ಹಾಗಾಗಿ ಕಂದು ಬಣ್ಣ.

ತಳಕ್ಕೆ ಸುಣ್ಣ ಮತ್ತು ಎಣ್ಣೆ ಕಲಸಿ ಬಳಿಯುವ ಪದ್ಧತಿ ಇತ್ತು. ನಾನು ಸೀಮೆಸುಣ್ಣದ ಪುಡಿಯನ್ನು ತೆಳು ಅಂಟಿನಲ್ಲಿ ಕಲಸಿ ಹಚ್ಚಿದೆ. ಡೆಕ್ ಮೇಲೆ ಕುಂದಗೋಳದ ಜಯಧರ ಹತ್ತಿ ತುಂಬಿದ ಪುಟ್ಟ ಅಂಡಿಗೆಗಳಿವೆ. ಆ ಕುಮಟಾ ಹತ್ತಿಯ ವಂಶದ್ದೇ ಈ ತಳಿ.

ಈಗ ಮೇಜಿನ ಮೇಲಿರುವುದು 'ತ್ರಿಂಕೋಮಲಿ'ಯ ಚೌಕಟ್ಟು. ನೆಪೋಲಿಯನ್ ಯುದ್ಧಗಳಲ್ಲಿ ಇಂಗ್ಲೆಂಡಿಗೆ ಓಕ್ ಸಾಲದೆ ಬಂದಾಗ ಮುಂಬಯಿಯ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಯುದ್ಧನೌಕೆ ಅದು. ಅದರ ನಕ್ಷೆ ಹೊತ್ತು ಬರುತ್ತಿದ್ದ 'ಜಾವಾ' ಹಡಗನ್ನು 1812ರಲ್ಲಿ ಅಮೆರಿಕದವರು ಸೋಲಿಸಿದ್ದರಿಂದ ಹೊಸ ನಕ್ಷೆ ಕಳಿಸಬೇಕಾಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ, ನಮ್ಮ ತೇಗದ ತಾಳಿಕೆ ಅಂಥದ್ದು. ಡೆಕ್ ಸುಮಾರು 150 ಅಡಿ ಇರುವುದರಿಂದ 1:96ರಲ್ಲಿ ಕಟ್ಟುತ್ತಿದ್ದೇನೆ, ಒಡಲಿನ ಉದ್ದ ಪತ್ತೆಮಾರಿಯಷ್ಟೇ ಬರುತ್ತದೆ. ಇಲ್ಲಿ ಹಲಗೆಯ ಅಗಲ 3 ಮಿ.ಮೀ.ಗೂ ಕಡಿಮೆ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಒಂದು ಉಳಿ, ಒಂದು ಸಾಣೆಕಲ್ಲು, ಒಂದಿಷ್ಟು ಹಾಲೆ ಮರ ಕೂಡಿಸಿಕೊಂಡು ಮೀನುಗಾರರ ಒಂದು ಸಣ್ಣ ದೋಣಿಯಿಂದ ಶುರುಮಾಡಿ. ದಸರೆಗೆ ಇನ್ನೂ ಸಮಯ ಇದೆ, ಅಷ್ಟರಲ್ಲಿ ಚೌಕಟ್ಟು ಸಿದ್ಧವಾಗುತ್ತದೆ.