ಎಚ್‌ಐವಿ ಇರೋರಿಗೆ ಸೈನಸ್ ಶುರುವಾದ್ರೆ ಏನ್ ಮಾಡ್ಬೇಕು, ಯಾವ ಸ್ಪ್ರೇ ಮುಟ್ಟಬಾರದು

ಬಗ್ಗಿದ್ರೆ ಹಣೆ ಸಿಡಿಯೋ ಹಾಗಾಗುತ್ತೆ, ಕೆನ್ನೆ ಒತ್ತಿದ್ರೆ ನೋವು, ಕಫ ಗಂಟಲಿಗೆ ಇಳೀತಾನೇ ಇರುತ್ತೆ. ಎಚ್‌ಐವಿ ಇರೋರಿಗೆ ಈ ಕಾಟ ಸ್ವಲ್ಪ ಜಾಸ್ತಿನೇ. ಮೊದಲು ನಿಮ್ಮ ಕೊನೇ ಸಿಡಿ4 ರಿಪೋರ್ಟ್ (ರೋಗ ನಿರೋಧಕ ಕಣಗಳ ಲೆಕ್ಕ) ತೆಗೆದು ನೋಡಿ. ಸಂಖ್ಯೆ ಚೆನ್ನಾಗಿದ್ದು ಎಆರ್‌ಟಿ (ಎಚ್‌ಐವಿ ಮಾತ್ರೆ) ತಪ್ಪದೆ ನಡೀತಿದ್ರೆ ಬಹುತೇಕ ಇದು ಎಲ್ಲರಿಗೂ ಬರೋ ವೈರಸ್ ನೆಗಡಿನೇ, ಸಿಂಬಳ ಹಸಿರಾಯ್ತು ಅಂತ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ನುಂಗಬೇಡಿ. 10 ದಿನ ಆದ್ರೂ ಇಳೀಲಿಲ್ಲ, ಅಥವಾ ಕಮ್ಮಿಯಾಗಿ ಮತ್ತೆ ಜೋರಾಯ್ತು ಅಂದ್ರೆ ಡಾಕ್ಟರ್ ಹತ್ರ ಹೋಗಿ. ಸಿಡಿ4 200ಕ್ಕಿಂತ ಕೆಳಗಿದ್ರೆ ಅಷ್ಟು ದಿನ ಕಾಯೋದೇ ಬೇಡ, ಮಾಮೂಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ, ಇನ್ನೂ ತೀರಾ ಕಮ್ಮಿ ಇದ್ರೆ ಫಂಗಸ್ ಕೂಡ ಸೇರ್ಕೋಬಹುದು.

ಮನೇಲಿ ಮಾಡೋದು ಅಂದ್ರೆ ಮೂಗು ತೊಳೆಯೋದು. ಕುದಿಸಿ ಆರಿಸಿದ ನೀರು ಕಾಲು ಲೀಟರ್, ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ, ಸಿಂಕ್ ಮುಂದೆ ಬಗ್ಗಿ ತಲೆ ಓರೆ ಮಾಡಿ ಬಾಯಲ್ಲಿ ಉಸಿರಾಡ್ತಾ ಒಂದು ಹೊಳ್ಳೆಗೆ ಬಿಡಿ, ಇನ್ನೊಂದರಿಂದ ಬರುತ್ತೆ. ನಲ್ಲಿ ನೀರು ನೇರ ಹಾಕಬೇಡಿ. ಮೂಗು ಬಿಡಿಸೋ ಆಕ್ಸಿಮೆಟಜೋಲಿನ್ ಡ್ರಾಪ್ಸ್ 3 ದಿನದ ಮೇಲೆ ಬೇಡ, ಆಮೇಲೆ ಅದೇ ಮೂಗು ಕಟ್ಟಿಸುತ್ತೆ.

ಈಗ ಮುಖ್ಯ ವಿಷ್ಯ. ಇಎನ್‌ಟಿ ಡಾಕ್ಟರ್‌ಗಳು ಸಲೀಸಾಗಿ ಬರೆದುಕೊಡೋ ಫ್ಲುಟಿಕಾಸೋನ್, ಬುಡೆಸೊನೈಡ್ ಸ್ಟೀರಾಯ್ಡ್ ಸ್ಪ್ರೇ ಇದ್ಯಲ್ಲ, ನಿಮ್ಮ ಎಆರ್‌ಟಿ ಮಾತ್ರೇಲಿ ರಿಟೊನವಿರ್ ಅಥವಾ ಕೊಬಿಸಿಸ್ಟಾಟ್ ಇದ್ರೆ ಅದು ಡೇಂಜರ್, ಯಾಕಂದ್ರೆ ಈ ಮಾತ್ರೆಗಳು ಲಿವರ್ ಆ ಸ್ಟೀರಾಯ್ಡನ್ನ ಒಡೆಯೋಕೇ ಬಿಡಲ್ಲ, ಅದು ರಕ್ತದಲ್ಲಿ ಏರ್ತಾ ಹೋಗಿ ಮುಖ ಊದಿ ಶುಗರ್ ಹೆಚ್ಚಾಗುತ್ತೆ. ಬದಲಿಗೆ ಬೆಕ್ಲೊಮೆಥಾಸೋನ್ ಆಗುತ್ತಾ ಕೇಳಿ. ಸರ್ಕಾರಿ ಎಆರ್‌ಟಿ ಸೆಂಟರ್‌ನ ಟೆನೊಫೊವಿರ್-ಲ್ಯಾಮಿವುಡಿನ್-ಡೊಲುಟೆಗ್ರವಿರ್ ಮಾತ್ರೆಗೆ ಈ ತೊಂದ್ರೆ ಇಲ್ಲ, ಅಟಜನವಿರ್, ಲೊಪಿನವಿರ್ ಇರೋ ಸೆಕೆಂಡ್ ಲೈನ್‌ನೋರು (ಮೊದಲ ಮಾತ್ರೆ ಕೆಲಸ ಮಾಡದೆ ಬದಲಾಯಿಸಿದೋರು) ಹುಷಾರಾಗಿರಿ, ಅವುಗಳ ಜೊತೆ ರಿಟೊನವಿರ್ ಇರುತ್ತೆ. ಡೊಲುಟೆಗ್ರವಿರ್‌ಗೆ ಬೇರೆ ಕಿರಿಕ್ ಇದೆ, ನೆಗಡಿಗೆ ಅಂತ ಕೊಡೋ ಜಿಂಕ್ ಮಾತ್ರೆ ಖಾಲಿ ಹೊಟ್ಟೇಲಿ ಜೊತೆಗೆ ತಗೊಂಡ್ರೆ ಡೊಲುಟೆಗ್ರವಿರ್ ಮೈಗೆ ಸರಿಯಾಗಿ ಹತ್ತಲ್ಲ, ಜಿಂಕ್‌ಗಿಂತ 2 ಗಂಟೆ ಮುಂಚೆನೇ ಎಆರ್‌ಟಿ ನುಂಗಿಬಿಡಿ.

ಇಎನ್‌ಟಿ ಹತ್ರ ಹೇಳೋಕೆ ಮುಜುಗರ ಆಗುತ್ತೆ ಗೊತ್ತು, ಆದ್ರೆ ಮಾತ್ರೆ ಹೆಸರು ಮುಚ್ಚಿಟ್ರೆ ಸರಿಯಾದ ಸ್ಪ್ರೇ ಸಿಗಲ್ಲ. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸೋದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಪ್ರಕಾರ ತಪ್ಪು, ಏನಾದ್ರೂ ಕೇಳಬೇಕಿದ್ರೆ 1097 ಫ್ರೀ ಹೆಲ್ಪ್‌ಲೈನ್.

ಕಣ್ಣಿನ ಸುತ್ತ ಊತ, ಎರಡೆರಡು ಕಾಣೋದು, ಕುತ್ತಿಗೆ ಬಿಗಿಯೋದು, ಮೂಗು ಅಥವಾ ಬಾಯಿಯ ಅಂಗುಳಲ್ಲಿ ಕಪ್ಪು ಕಲೆ, ಇದ್ರಲ್ಲಿ ಒಂದು ಕಂಡ್ರೂ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ಮಾತ್ರೆ ಡಬ್ಬಿ ಜೊತೆಗೇ ಇಟ್ಕೊಂಡು.