ಮನೇಲೇ ಪಾಠನಾ? ದುಡ್ಡು ಬಿಚ್ಚೋಕೆ ಮುಂಚೆ ಇವನ್ನ ಹುಡುಕಿ

ಮಗೂನ ಮನೇಲೇ ಓದಿಸ್ತೀವಿ ಅಂತ ತೀರ್ಮಾನ ಮಾಡಿ ಫೋನಲ್ಲಿ ಒಂದು ಸಲ ಹುಡುಕಿದ್ರೆ ಸಾಕು, ಜಾಹೀರಾತು ಶುರು. ಆ ಕಿಟ್ಟು, ಈ ಆಪು, ವರ್ಷಕ್ಕೆ ಇಷ್ಟು ಸಾವಿರ, ಇವತ್ತೇ ಕಟ್ಟಿದ್ರೆ ಅರ್ಧ ರೇಟು. ಕಟ್ಬೇಡಿ. ಚಿಕ್ಕಬಳ್ಳಾಪುರದಂಥ ಊರಲ್ಲಿ ಕೂತು ಒಂದು ಪೂರ್ತಿ ವರ್ಷದ ಪಾಠಕ್ಕೆ ಬೇಕಾದ್ದನ್ನ ಪುಕ್ಕಟೆಯಾಗೇ ಜೋಡಿಸ್ಕೋಬಹುದು, ಖರ್ಚು ಅಂತ ಬರೋದು ಹೆಚ್ಚಾಗಿ ಜೆರಾಕ್ಸ್ ಅಂಗಡೀಲಿ.

ಮೊದಲು ಪರೀಕ್ಷೆ ಯಾವುದು ಅಂತ ಯೋಚನೆ ಮಾಡಿ. ಮಗೂಗೆ ಇನ್ನೂ ಏಳು ವರ್ಷ, ಈಗ್ಲೇ ಯಾಕೆ ಅಂತೀರಾ? ಪುಸ್ತಕ ಯಾವುದು ಅನ್ನೋದು ಅದರ ಮೇಲೇ ನಿಂತಿದೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಅಂದ್ರೆ ಎನ್‌ಐಓಎಸ್, ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಅಂತ ಮೂರು ಹಂತ ಇಟ್ಟಿದೆ, ಅವು 3, 5, 8ನೇ ಕ್ಲಾಸಿಗೆ ಸಮ. ಆಮೇಲೆ 14 ವರ್ಷ ತುಂಬಿದ ಮೇಲೆ ಅಲ್ಲೇ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಬಹುದು, ಅವರ ಪಾಠಗಳೂ ವೆಬ್‌ಸೈಟಲ್ಲಿ ಪುಕ್ಕಟೆ ಸಿಗ್ತವೆ. ಇಲ್ಲಾಂದ್ರೆ ನಮ್ಮ ಎಸ್ಸೆಸ್ಸೆಲ್ಸಿನೇ ಖಾಸಗಿ ಅಭ್ಯರ್ಥಿಯಾಗಿ ಕಟ್ಟೋದು. ಯಾವುದೋ ಒಂದು ಹಿಡ್ಕೊಳ್ಳಿ, ಮುಂದೆ ಬದಲಾಯಿಸಿದ್ರೂ ನಡೆಯುತ್ತೆ.

ಈಗ ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ನಮ್ಮ ರಾಜ್ಯದ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಇದಾವೆ, ಕನ್ನಡ ಮೀಡಿಯಂದೂ ಇಂಗ್ಲಿಷ್ ಮೀಡಿಯಂದೂ ಎರಡೂ. ಎನ್‌ಸಿಇಆರ್‌ಟಿ ಪುಸ್ತಕಗಳೂ ಹಂಗೇ ಅವರ ಸೈಟಲ್ಲಿ. ಪುಸ್ತಕದಲ್ಲಿ ಅಲ್ಲಲ್ಲಿ ಕ್ಯೂಆರ್ ಕೋಡ್ ಇರ್ತವಲ್ಲ, ಅವನ್ನ ದೀಕ್ಷಾ ಆಪಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠದ ವಿಡಿಯೋ, ಪ್ರಶ್ನೆಗಳು ಬರ್ತವೆ, ವೈಫೈ ಇರೋ ಕಡೆ ಡೌನ್‌ಲೋಡ್ ಮಾಡಿಟ್ಕೊಂಡ್ರೆ ಮನೇಲಿ ನೆಟ್ ಬೇಕಿಲ್ಲ. ಗಣಿತಕ್ಕೆ ಖಾನ್ ಅಕಾಡೆಮಿ ಕನ್ನಡದಲ್ಲೂ ಇದೆ, ಪೂರ್ತಿ ಫ್ರೀ. ಆದ್ರೆ ಒಂದು ಮಾತು, ಎಲ್ಲಾನೂ ಡೌನ್‌ಲೋಡ್ ಮಾಡಿ ಫೋನ್ ತುಂಬಿಸ್ಕೋಬೇಡಿ, ಸಬ್ಜೆಕ್ಟಿಗೆ ಒಂದು ಪುಸ್ತಕ, ಅದು ಮುಗಿಯೋವರೆಗೂ ಇನ್ನೊಂದು ಬೇಡ.

ಕಥೆ ಪುಸ್ತಕದ ವಿಷ್ಯದಲ್ಲಿ ಮಾತ್ರ ಈ ಲೆಕ್ಕ ಬೇಡ, ಎಷ್ಟಿದ್ರೂ ಕಮ್ಮೀನೇ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಸೈಟಲ್ಲಿ ಕನ್ನಡದ ಚಿತ್ರಕಥೆಗಳು ರಾಶಿ ಇದಾವೆ, ಓದೋ ಮಟ್ಟದ ಪ್ರಕಾರ ಆರಿಸ್ಕೋಬಹುದು, ಪ್ರಿಂಟ್ ಹಾಕಿ ಪಕ್ಕದ ಮನೆ ಮಗೂಗೆ ಕೊಟ್ರೂ ತಪ್ಪಿಲ್ಲ, ಲೈಸೆನ್ಸೇ ಹಂಗಿದೆ. ಬಾಗೇಪಲ್ಲಿ, ಚಿಂತಾಮಣಿ ಕಡೆಯವರಿಗೆ ಇದ್ರಲ್ಲಿ ಇನ್ನೊಂದು ಲಾಭ. ನಮ್ಮಲ್ಲಿ ಎಷ್ಟೋ ಮನೇಲಿ ಮಾತು ತೆಲುಗು, ಓದು ಕನ್ನಡ. ಕೆಲವು ಕಥೆಗಳು ಎರಡೂ ಭಾಷೇಲಿ ಸಿಗ್ತವೆ, ಮೊದಲು ಅಜ್ಜಿ ಕೈಲಿ ತೆಲುಗಲ್ಲಿ ಕೇಳಿಸಿ ಆಮೇಲೆ ಅದೇ ಚಿತ್ರ ಇಟ್ಕೊಂಡು ಕನ್ನಡದಲ್ಲಿ ಓದ್ಸಿ, ಕಥೆ ಗೊತ್ತಿರೋದ್ರಿಂದ ಮಗು ಅಕ್ಷರಕ್ಕೆ ಹೆದರಲ್ಲ.

ಗ್ರಾಮ ಪಂಚಾಯ್ತಿ ಲೈಬ್ರರಿ ಇದ್ಯಲ್ಲ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರ್ತಾರೆ, ಅಲ್ಲಿಗೊಂದು ಸಲ ಹೋಗಿ. 2020ರ ನವೆಂಬರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಉಚಿತ ಮಾಡಿದ್ರು. ಎಲ್ಲಾ ಕಡೆ ಪುಸ್ತಕ ಒಂದೇ ಥರ ಚೆನ್ನಾಗಿರಲ್ಲ ನಿಜ, ಆದ್ರೆ ಕೇಳ್ದೇ ಬಿಡ್ಬೇಡಿ. ಕೊಂಡ್ಕೊಳ್ಳೋದೇ ಆದ್ರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲೇ, ಕಮ್ಮಿ ಬೆಲೆಗೆ ಸಿಗ್ತವೆ.

ವಿಜ್ಞಾನಕ್ಕೆ ಕಿಟ್ಟು ಯಾಕೆ ಬೇಕೋ ನಂಗಂತೂ ಅರ್ಥ ಆಗಿಲ್ಲ. 2018ರಲ್ಲಿ ಪದ್ಮಶ್ರೀ ಬಂತಲ್ಲ, ಅರವಿಂದ್ ಗುಪ್ತಾ, ಅವರ ಸೈಟಲ್ಲಿ ಕಸದಿಂದ ಮಾಡೋ ಆಟಿಕೆಗಳದ್ದೇ ದೊಡ್ಡ ಸಂಗ್ರಹ ಇದೆ. ಸೈಕಲ್ ಅಂಗಡೀಲಿ ವಾಲ್ವ್ ಟ್ಯೂಬ್ ತಗೊಂಡು ಚಿಕ್ಕ ಚಿಕ್ಕ ತುಂಡು ಮಾಡಿ, ಮದ್ದು ಕೆರೆದ ಬೆಂಕಿಕಡ್ಡಿಗಳನ್ನ ಅದಕ್ಕೆ ಸಿಕ್ಸಿ ತ್ರಿಕೋನ ಮಾಡ್ಸಿ, ಎಷ್ಟು ಒತ್ತಿದ್ರೂ ಆಕಾರ ಬದಲಾಗಲ್ಲ, ಅದೇ ಚೌಕ ಮಾಡಿದ್ರೆ ಬೆರಳು ತಾಗಿದ್ರೆ ಸಾಕು ವಾಲ್ಕೊಂಡುಬಿಡುತ್ತೆ. ಶೀಟ್ ಮನೆ ಮಾಡಿಗೆ ತ್ರಿಕೋನ ಯಾಕೆ ಹಾಕ್ತಾರೆ ಅಂತ ಆಮೇಲೆ ಮಗೂನೇ ಹೇಳುತ್ತೆ.

ಇನ್ನು ಶಿಡ್ಲಘಟ್ಟದ ಸುತ್ತಮುತ್ತ ಇರೋರಿಗೆ ಜೀವವಿಜ್ಞಾನದ ಲ್ಯಾಬು ಪಕ್ಕದ ಮನೇಲೇ ಇದೆ, ರೇಷ್ಮೆ. ಸಾಕಾಣಿಕೆ ಮನೆ ಒಳಗೆ ಬಿಡಿ ಅಂತ ಕೇಳ್ಬೇಡಿ, ಹುಳಕ್ಕೆ ರೋಗ ತಗುಲುತ್ತೆ ಅಂತ ಅವ್ರು ಬಿಡೋದೂ ಇಲ್ಲ, ಬಿಡಬಾರ್ದು ಕೂಡ. ನಾಲ್ಕನೇ ಜ್ವರ ಎದ್ದ, ಅಂದ್ರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಒಂದು ಹತ್ತು ಕೇಳಿ ಈಸ್ಕೊಳ್ಳಿ. ರಟ್ಟಿನ ಡಬ್ಬಕ್ಕೆ ಪೇಪರ್ ಹಾಸಿ, ಔಷಧಿ ಹೊಡೆದಿರದ ಹಿಪ್ಪುನೇರಳೆ ಸೊಪ್ಪು ಕೊಡ್ತಾ ಹೋಗಿ, ಆ ರೂಮಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ. ಹುಳ ತನ್ನ ಇಡೀ ಜೀವನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕಿಂತ ಜಾಸ್ತಿ ಈ ಕೊನೇ ಒಂದು ವಾರದಲ್ಲೇ ತಿನ್ನೋದು, ರಾತ್ರಿ ಕಿವಿಗೊಟ್ಟು ಕೇಳಿದ್ರೆ ಸೊಪ್ಪು ಕಡಿಯೋ ಸದ್ದು ಕೇಳುತ್ತೆ. ದಿನಾ ಕೊಟ್ಟ ಸೊಪ್ಪು ಎಷ್ಟು, ಮಿಕ್ಕಿದ್ದು ಎಷ್ಟು ಅಂತ ತೂಗಿ ಬರೆಸಿ, ಕಳೆಯೋ ಲೆಕ್ಕ, ಶೇಕಡಾ ಲೆಕ್ಕ, ಗ್ರಾಫು ಮೂರೂ ಅದರಲ್ಲೇ ಆಗೋಯ್ತು. ಹುಳ ಹಣ್ಣಾಗಿ ಮೈ ಹಳದಿ ಬಣ್ಣಕ್ಕೆ ತಿರುಗಿ ತಿನ್ನೋದು ನಿಲ್ಸಿದ್ರೆ ಒಣಗಿದ ಕಡ್ಡಿ ನಾಲ್ಕು ಇಡಿ, ಎರಡು ಮೂರು ದಿನದಲ್ಲಿ ಗೂಡು ರೆಡಿ. ಚರಿತ್ರೆಗೆ ಅಂದ್ರೆ 1938ರಲ್ಲಿ ಗೋಲಿಬಾರ್ ಆದ ವಿದುರಾಶ್ವತ್ಥ ಇದೆ, ಮುದ್ದೇನಹಳ್ಳೀಲಿ ವಿಶ್ವೇಶ್ವರಯ್ಯನವರ ಮನೆ ಇದೆ, ಬಸ್ ಚಾರ್ಜಷ್ಟೇ.

ಜೆರಾಕ್ಸ್‌ಗೆ ಬಂದ್ರೆ, ಇಡೀ ಪುಸ್ತಕ ಪ್ರಿಂಟ್ ಹಾಕ್ಸೋದಕ್ಕಿಂತ ಊರಲ್ಲಿ ಮುಂದಿನ ಕ್ಲಾಸಿಗೆ ಹೋದ ಮಕ್ಕಳ ಹಳೇ ಪುಸ್ತಕ ಕೇಳೋದೇ ವಾಸಿ, ಏಪ್ರಿಲಲ್ಲಿ ಕೇಳಿ, ಜೂನ್ ಹೊತ್ತಿಗೆ ಗುಜರಿಗೆ ಹೋಗಿರ್ತವೆ. ವರ್ಕ್‌ಶೀಟ್ ಮಾತ್ರ ಕಪ್ಪುಬಿಳುಪಲ್ಲಿ ಎರಡೂ ಕಡೆ ಹಾಕ್ಸಿ, ಪ್ಲಾಸ್ಟಿಕ್ ಕವರ್ ಒಳಗಿಟ್ಟು ಮೇಲೆ ಸ್ಕೆಚ್ ಪೆನ್ನಲ್ಲಿ ಬರೆಸಿದ್ರೆ ಒರೆಸಿ ಒರೆಸಿ ಮತ್ತೆ ಬಳಸಬಹುದು.

ಓದಿಸಿದ್ದನ್ನೆಲ್ಲ ತಾರೀಖು ಹಾಕಿ ಒಂದು ನೋಟ್‌ಬುಕ್ಕಲ್ಲಿ ಬರೀತಾ ಬನ್ನಿ, ಮಗು ಬರೆದ ಹಾಳೆಗಳನ್ನೂ ಫೈಲ್ ಮಾಡಿ. ನಾಳೆ ಯಾವುದೋ ಕಾರಣಕ್ಕೆ ಸ್ಕೂಲಿಗೇ ಸೇರಿಸ್ಬೇಕು ಅನ್ನಿಸ್ಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರು ವರ್ಷ ದಾಟಿ ಸ್ಕೂಲಿಗೆ ಸೇರದ ಮಗೂನ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು, ಆಗ ಹೆಡ್‌ಮಾಸ್ಟರ ಮುಂದೆ ಈ ಫೈಲ್ ಇಟ್ಟು ಮಾತಾಡಿ.