ಹಳೆಯ ಡ್ರಿಲ್ಲಿಂಗ್ ಕೋವಿಯ ಗುರುತುಗಳನ್ನು ಓದಿದ ಬಗೆ

ಜರ್ಮನಿಯ ಥುರಿಂಗಿಯಾದಲ್ಲಿ ಉದ್ಯೋಗದಲ್ಲಿದ್ದು, ಅಲ್ಲಿನ ಬೇಟೆ ಪರವಾನಗಿಯನ್ನೂ ಪಡೆದಿರುವ ನಾನು ಕೊಂಡ ಹಳೆಯ ಕೋವಿ ಡ್ರಿಲ್ಲಿಂಗ್ ಎಂಬ ಜಾತಿಯದು. ಮೇಲೆ ಅಕ್ಕಪಕ್ಕ ಚರೆ ತೋಟಾದ ಎರಡು ನಳಿಕೆಗಳು, ಅವುಗಳ ಅಡಿಯಲ್ಲಿ ರೈಫಲ್ಲಿನ ಒಂದು ನಳಿಕೆ. ಮಾರಿದವರ ಕಾಗದದಲ್ಲಿ ರೈಫಲ್ ನಳಿಕೆಯ ಬಗ್ಗೆ '9.3' ಎಂದಷ್ಟೇ ಬರೆದಿತ್ತು. ಆ ಅಳತೆಯಲ್ಲಿ 9.3×72ಆರ್ ಮತ್ತು 9.3×74ಆರ್ ಎಂಬ ಬೇರೆ ಬೇರೆ ತೋಟಾಗಳಿವೆ (9.3 ಗುಂಡಿನ ವ್ಯಾಸ, ನಂತರದ ಅಂಕಿ ತೋಟಾದ ಕೋಶದ ಉದ್ದ, ಎರಡೂ ಮಿ.ಮೀ.ನಲ್ಲಿ; ಆರ್ ಎಂದರೆ ಬುಡದಲ್ಲಿ ಅಂಚುಳ್ಳದ್ದು), ಎರಡನೆಯದರ ಒತ್ತಡ ಮೊದಲನೆಯದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಕಾಗದವನ್ನು ಬದಿಗಿಟ್ಟು ಕೋವಿಯನ್ನೇ ಓದಲು ಕುಳಿತೆ.

ಮೂರೂ ನಳಿಕೆಗಳು ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ಮುಂಭಾಗದ ಮರವನ್ನು ಕಳಚಿ, ನಳಿಕೆಗಳನ್ನು ಬೇರ್ಪಡಿಸಿದೆ. ಗುರುತುಗಳೆಲ್ಲ ನಳಿಕೆಗಳ ಬುಡದ ಅಡಿಭಾಗದಲ್ಲಿ, ಕೋವಿ ಮುಚ್ಚಿದಾಗ ಕಾಣದ ಜಾಗದಲ್ಲಿರುತ್ತವೆ. ಗಟ್ಟಿಯಾಗಿದ್ದ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಅಕ್ಷರಗಳು ಬೆಳ್ಳಗೆ ಎದ್ದು ಕಂಡವು. ತಂತಿಯ ಬ್ರಷ್ಷನ್ನು ಮಾತ್ರ ಯಾರೂ ಇಲ್ಲಿ ಬಳಸಬಾರದು.

ಕಿರೀಟದ ಕೆಳಗೆ ಬಿ, ಜಿ, ಎಸ್, ಯು, ಡಬ್ಲ್ಯು ಅಕ್ಷರಗಳೂ ಪಕ್ಕದಲ್ಲಿ ಹದ್ದಿನ ಮುದ್ರೆಯೂ ಇದ್ದವು. ಇದು 1891ರಲ್ಲಿ ಅಂಗೀಕಾರವಾಗಿ 1893ರಲ್ಲಿ ಜಾರಿಗೆ ಬಂದ ಜರ್ಮನ್ ಪ್ರೂಫ್ ಕಾಯ್ದೆಯ, ಅಂದರೆ ಕೋವಿಗಳನ್ನು ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುವ ಕಾಯ್ದೆಯ, ಪದ್ಧತಿ. ಜಿ ಎಂದರೆ ಒಳಗೆ ತೋಡುಗಳಿರುವ ನಳಿಕೆ, ಎಸ್ ಎಂದರೆ ಚರೆಯ ನಳಿಕೆ, ಡಬ್ಲ್ಯು ಎಂದರೆ ಬಾಯಿಯ ಬಳಿ ಚೋಕ್, ಅಂದರೆ ನಳಿಕೆಯ ಕಿರಿದಾಗುವಿಕೆ, ಇದೆ ಎಂದು. ಬಿ ಪರೀಕ್ಷೆಯ ಹಾರಿಕೆಯನ್ನೂ, ಯು ಅದಾದ ಮೇಲಿನ ತಪಾಸಣೆಯನ್ನೂ ಸೂಚಿಸುತ್ತವೆ. ಚೋಕ್ ಇರುವ ನಳಿಕೆಯ ಮೇಲೆ 'ನಿಖ್ಟ್ ಫ್ಯೂರ್ ಕೂಗೆಲ್', ಅಂದರೆ ಒಂಟಿ ಗುಂಡಿಗಲ್ಲ ಎಂಬ ಎಚ್ಚರಿಕೆಯೂ ಇತ್ತು. ಹೊಗೆರಹಿತ ಮದ್ದಿನ ಪರೀಕ್ಷೆಯನ್ನು ಹೇಳುವ ಕಿರೀಟದ ಎನ್ ಎಲ್ಲಿಯೂ ಇರಲಿಲ್ಲ, ತಿಂಗಳು ಮತ್ತು ವರ್ಷದ ಅಂಕಿಗಳೂ ಇರಲಿಲ್ಲ.

ರೈಫಲ್ ನಳಿಕೆಯ ಮೇಲಿದ್ದ '108,49' ಎಂಬ ಸಂಖ್ಯೆಯೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಜರ್ಮನರು ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಇದು ಮಿಲಿಮೀಟರ್ ಅಲ್ಲ, ಗೇಜ್: ಒಂದು ಇಂಗ್ಲಿಷ್ ಪೌಂಡ್ ಸೀಸದಿಂದ ಅಷ್ಟು ಸಮ ಗುಂಡುಗಳನ್ನು ಮಾಡಿದರೆ ಒಂದೊಂದರ ವ್ಯಾಸವೇ ನಳಿಕೆಯ ಅಳತೆ. 453.6 ಗ್ರಾಂ ಸೀಸವನ್ನು 108.49ರಿಂದ ಭಾಗಿಸಿದರೆ ಸುಮಾರು 4.18 ಗ್ರಾಂ, ಸೀಸದ ಸಾಂದ್ರತೆ 11.34 ಎಂದು ಹಿಡಿದರೆ ಆ ಗುಂಡಿನ ವ್ಯಾಸ ಸುಮಾರು 8.9 ಮಿ.ಮೀ., ಅಂದರೆ ಹೆಚ್ಚುಕಡಿಮೆ 0.35 ಅಂಗುಲ. ಇದು ತೋಡುಗಳ ನಡುವಿನ ಉಬ್ಬಿನಿಂದ ಉಬ್ಬಿಗೆ ಇರುವ ಅಳತೆ. ಪರೀಕ್ಷಕನ 0.35 ಅಂಗುಲದ ಕಡ್ಡಿ ಹೊಕ್ಕಿತು, 0.36 ಅಂಗುಲದ್ದು, ಅಂದರೆ 99,70 ಗೇಜಿನದು, ಹೊಗಲಿಲ್ಲ ಎಂದಷ್ಟೇ ಮುದ್ರೆ ಹೇಳುತ್ತದೆ. 1912ರಿಂದ ಈ ಜಾಗಕ್ಕೆ ಮಿಲಿಮೀಟರ್ ಬಂದದ್ದರಿಂದ, ಕೋವಿ 1893 ಮತ್ತು 1912ರ ನಡುವಿನದೆಂದು ತೀರ್ಮಾನಿಸಿದೆ.

ಆದರೆ ನಳಿಕೆಯ ಅಳತೆ ತೋಟಾದ ಹೆಸರಲ್ಲ. ಮೇಲಾಗಿ, ಪರೀಕ್ಷೆಯಾದ ಬಳಿಕ ಯಾರಾದರೂ ಚೇಂಬರನ್ನು, ಅಂದರೆ ತೋಟಾ ಕೂರುವ ನಳಿಕೆಯ ಹಿಂತುದಿಯನ್ನು, ಕೊರೆದಿದ್ದರೆ ಹಳೆಯ ಮುದ್ರೆಗೆ ಅದು ಹೇಗೆ ತಿಳಿಯಬೇಕು? ಅದಕ್ಕಾಗಿ ಚೇಂಬರಿನ ಅಚ್ಚು ತೆಗೆದೆ. ಕುದಿಯುವ ನೀರಿಗಿಂತ ಕಡಿಮೆ ಶಾಖದಲ್ಲಿ ಕರಗುವ ಸೆರೋಸೇಫ್ ಎಂಬ ಮಿಶ್ರಲೋಹವನ್ನು, ಚೇಂಬರಿನ ತುಸು ಮುಂದೆ ಬಟ್ಟೆಯ ಬಿರಡೆ ಕೊಟ್ಟು ಸುರಿಯಬೇಕು. ಅದು ಆರುವಾಗ ಮೊದಲು ಕುಗ್ಗಿ ಆಮೇಲೆ ಹಿಗ್ಗುವುದರಿಂದ, ಸುಮಾರು ಒಂದು ಗಂಟೆಯ ಹೊತ್ತಿಗೆ ಅಳೆಯುವುದು ಕ್ರಮ. ನನ್ನ ಅಚ್ಚಿನ ಬುಡ 10.9 ಮಿ.ಮೀ.; ಭುಜವಿಲ್ಲದೆ, ಒಂದೇ ಇಳಿಜಾರಿನಲ್ಲಿ ಸಣ್ಣಗಾಗಿ 72 ಮಿ.ಮೀ. ಬಳಿ ಮುಗಿದಿತ್ತು. 74ಆರ್‌ನ ಬುಡ 11.8 ಮಿ.ಮೀ. ಇರುವುದರಿಂದ ಸಂಶಯಕ್ಕೆ ಎಡೆ ಉಳಿಯಲಿಲ್ಲ: ಇದು 9.3×72ಆರ್. ಈ ತೋಟಾದ ಹಳೆಯ ನಳಿಕೆಗಳಲ್ಲಿ ತೋಡಿನ ಆಳ ಒಂದೇ ಸಮ ಇರುವುದಿಲ್ಲವಾದ್ದರಿಂದ, ಮೆದು ಸೀಸದ ತುಂಡನ್ನು ನಳಿಕೆಯಲ್ಲಿ ನೂಕಿ ಅದನ್ನೂ ಅಳೆದೆ.

ಚರೆಯ ನಳಿಕೆಗಳ ಮೇಲೆ ವೃತ್ತದೊಳಗೆ 16, ಅಂದರೆ 16 ಗೇಜ್, ಎಂದಿತ್ತು. ಚೇಂಬರಿನ ಅಳತೆಗೋಲು ಹಾಕಿದಾಗ ಉದ್ದ 65 ಮಿ.ಮೀ. ಎಂದು ತಿಳಿಯಿತು. ಇಂದಿನ 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಹಾರಿಸಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. 65 ಮಿ.ಮೀ.ನ ತೋಟಾಗಳು ಯುರೋಪಿನಲ್ಲಿ ಇಂದಿಗೂ ಸಿಗುತ್ತವೆ.

ಅಂಗಡಿಯಲ್ಲಿ ಸಿಗುವ 9.3×72ಆರ್ ಹೊಗೆರಹಿತ ಮದ್ದಿನದು, ನನ್ನ ಕೋವಿಗೆ ಆ ಪರೀಕ್ಷೆಯ ಮುದ್ರೆಯಿಲ್ಲ. ಆದ್ದರಿಂದ ನಳಿಕೆಗಳ ಗೋಡೆಯ ದಪ್ಪವನ್ನೂ ಬೀಗದ ಬಿಗಿಯನ್ನೂ ಬಂದೂಕು ಕಮ್ಮಾರರಿಂದ ತಪಾಸಣೆ ಮಾಡಿಸಿ, ಸೂಲ್ ನಗರದ ಪ್ರೂಫ್ ಕಚೇರಿಗೆ ಮರುಪರೀಕ್ಷೆಗೆ ಕಳುಹಿಸುವುದೆಂದು ನಿರ್ಧರಿಸಿದ್ದೇನೆ.